ಬದುಕಿದ್ದ ಅಳಿಯನ ಕಥೆ

ದಾದಾಪೀರನ ಇನ್‌ಲ್ಯಾಂಡ್ ಪತ್ರ ಬುಧವಾರ ಬಂತು. ಗುರುವಾರ ಬೆಳಿಗ್ಗೆ ಸ್ಕೂಲಿಗೆ ರಜೆ ಚೀಟಿ ಕಳಿಸಿ ನಾನು ಮೊಳಕಾಲ್ಮೂರಿನಲ್ಲಿ ಚಳ್ಳಕೆರೆ ಬಸ್ಸು ಹತ್ತಿದ್ದೆ. ಸೀಟು ಸಿಕ್ಕಿದರೂ ಕೂರಲು ಆಗಲಿಲ್ಲ. ಹಾನಗಲ್ಲು ದಾಟುವ ಹೊತ್ತಿಗೆ ಎದ್ದು ಕಂಬಿ ಹಿಡಿದು ನಿಂತೆ. ಪಕ್ಕದಲ್ಲಿದ್ದ ಕುರಿ ವ್ಯಾಪಾರದ ಅಜ್ಜ, “ಯಾಕಪ್ಪಾ, ಸೀಟಿನಾಗೆ ಏನಾರ ಚುಚ್ತೈತಾ?” ಅಂದ. “ಇಲ್ಲಜ್ಜ” ಅಂದೆ. ಚುಚ್ಚುತ್ತಿದ್ದದ್ದು ಜೇಬಿನಲ್ಲಿತ್ತು.

“ಲೇ ಮಾರುತಿ, ಈ ಭಾನುವಾರ ಬೆಳಿಗ್ಗೆ ಎಂಟೂವರೆಗೆ ರೇಡಿಯೊದಾಗೆ ನನ್ನ ಕಥೆ. ನಾನೇ ಓದಿದ್ದೀನಿ, ರೆಕಾರ್ಡಿಂಗ್ ಆಗೈತೆ. ಯಾವ ಕಥೆ ಗೊತ್ತಾ? ನಿಮ್ಮಜ್ಜಿ ಹೇಳಿದ್ದು, ಬದುಕಿದ್ದ ಅಳಿಯಂದು. ನಮ್ಮ ಅಬ್ಬಾ ರೇಡಿಯೊಗೆ ಹೊಸ ಸೆಲ್ಲು ತಂದವ್ರೆ. ಪಾಪತ್ತೆಗೆ ಮರೀದಂಗೆ ಕೇಳಿಸು.”

ಪಾಪತ್ತೆ ಅಂದರೆ ನನ್ನಪ್ಪನ ತಂಗಿ ಪಾಪಕ್ಕ. ಓದು ಬರುವುದಿಲ್ಲ. ನಮ್ಮ ಮನೆಗೆ ಯಾವ ಕಾಗದ ಬಂದರೂ ಬಾಗಿಲಲ್ಲೇ ನಿಲ್ಲಿಸಿ ಓದಿಸುತ್ತಾಳೆ. ಇದನ್ನೂ ಓದಿಸಿದಳು. “ಯಾವ ಕಥೆ ಗೊತ್ತಾ” ಅನ್ನುವಲ್ಲಿಗೆ ನನ್ನ ನಾಲಿಗೆ ತಡೆಯಿತು. ಒಂದು ಸಾಲು ನುಂಗಿ ಮುಂದಿನದಕ್ಕೆ ಹಾರಿದೆ. ಅವಳಿಗೆ ಅದರ ಪರಿವೆ ಇರಲಿಲ್ಲ. “ನಮ್ಮ ಪೀರಪ್ಪ ರೇಡಿಯೊದಾಗೆ!” ಅಂದವಳೇ ಕೇರಿಗೆಲ್ಲ ಹೇಳಲು ಹೊರಟುಬಿಟ್ಟಳು.

ಆ ಅಳಿಯ ಅವಳ ಗಂಡ. ಈ ಸತ್ಯ ನಮ್ಮೂರಲ್ಲಿ ಅವಳಿಗೂ ನನಗೂ ಬಿಟ್ಟರೆ ಆಗ ಬದುಕಿದ್ದ ಯಾರಿಗೂ ಗೊತ್ತಿರಲಿಲ್ಲ. ದಾದಾಪೀರನಿಗೂ ಗೊತ್ತಿರಲಿಲ್ಲ. ಕಥೆ ರೇಡಿಯೊದಲ್ಲಿ ಬಂದರೆ ಊರಿಗೆಲ್ಲ ಗೊತ್ತಾಗುತ್ತಿತ್ತು.

ಇದು ತೊಂಬತ್ತೊಂಬತ್ತನೇ ಇಸವಿಯ ಮಾತು. ದಾದಾಪೀರನ ಪರಿಚಯ ಅದಕ್ಕೆ ನಾಲ್ಕು ವರ್ಷ ಮೊದಲಿನದು. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ.ಗೆ ಸೇರಿದ ಮೊದಲ ದಿನ ಹಾಸ್ಟೆಲ್ಲಿನ ಊಟದ ಸಾಲಿನಲ್ಲಿ ನಿಂತಿದ್ದೆ. “ಮುದ್ದೆ ಇಲ್ಲೇನ್ರಿ?” ಅಂತ ಕೇಳಿದೆ. ನನ್ನ ಹಿಂದಿನಿಂದಲೂ ಯಾರೋ ಅದೇ ಮಾತನ್ನು ಅದೇ ಗಳಿಗೆಯಲ್ಲಿ ಕೇಳಿದರು. ತಿರುಗಿದರೆ ಗುಂಗುರು ಕೂದಲಿನ ಸಣಕಲ ಹುಡುಗ. ಚಳ್ಳಕೆರೆಯ ಅಫ್ಜಲ್ ಮೇಸ್ತ್ರಿಯ ಮಗ. ಅಪ್ಪನಿಗೆ ಲಾರಿ ರಿಪೇರಿಯ ಗ್ಯಾರೇಜು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಬರೆಯುವುದು ಮಾತ್ರ ಕನ್ನಡದಲ್ಲೇ. ನಮ್ಮಿಬ್ಬರಿಗೂ ಅಲ್ಲಿಯ ಹಸಿರು ಒಗ್ಗಲಿಲ್ಲ. “ಹಿಂಗೆ ಕಣ್ಣೆತ್ತಿ ನೋಡಿದ ಕಡೆಯೆಲ್ಲ ಮರ ಇದ್ರೆ ಆಕಾಶ ಎಲ್ಲಿ ಹುಡುಕೋದು ಲೇ?” ಅನ್ನುತ್ತಿದ್ದ. ಬಯಲಿನವರು ನಾವು, ಒಬ್ಬರಿಗೊಬ್ಬರು ಅಂಟಿಕೊಂಡೆವು.

ಅವನು ಕೂತು ಬರೆದದ್ದನ್ನು ನಾನು ನೋಡಿಲ್ಲ. ಓಡಾಡುತ್ತಾ ಬಾಯಲ್ಲಿ ವಾಕ್ಯ ಕಟ್ಟುವನು, ನಿಂತಲ್ಲೇ ಬರೆಯುವನು, ಮತ್ತೆ ಓಡಾಡುವನು. ಸಂಜೆ ಹಾಸ್ಟೆಲ್ಲಿನ ಹಿಂದಿನ ಕಟ್ಟೆಯ ಮೇಲೆ ನನ್ನನ್ನು ಕೂರಿಸಿ ಓದುವನು. ಮೊದಲ ಸಲ ಓದಿದಾಗ ನಾನು ನಮ್ಮೂರ ಅಭ್ಯಾಸದಂತೆ ಒಂದೊಂದು ವಾಕ್ಯಕ್ಕೂ “ಹೂಂ” ಅಂದೆ. ಅವನು ಓದು ನಿಲ್ಲಿಸಿ, “ಏನದು?” ಅಂದ.

“ನಮ್ಮಲ್ಲಿ ಕಥೆ ಹೇಳುವಾಗ ಒಬ್ರು ಹೂಂಗುಟ್ಟಬೇಕು. ಹೂಂ ಅಂದ್ರೆ ಮುಂದಕ್ಕೆ ಹೋಗು ಅಂತ. ಅನ್ನದಿದ್ರೆ ಕಥೆ ಅಲ್ಲಿಗೇ ನಿಲ್ಲಬೇಕು. ಮಧ್ಯದಾಗೆ ಬೇರೆ ಮಾತು ಆಡಂಗಿಲ್ಲ.”

ಅವನಿಗೆ ಅದು ಬಹಳ ಹಿಡಿಸಿತು. ಆವತ್ತಿನಿಂದ ನಾನೇ ಅವನ ಅಳತೆಗೋಲಾದೆ. ನನ್ನ ಹೂಂ ಸಣ್ಣಗಾದ ಕಡೆ ಗುರುತು ಹಾಕಿಕೊಳ್ಳುವನು. ನಾನು ಸುಮ್ಮನಾದ ವಾಕ್ಯವನ್ನು ಅಲ್ಲೇ ಹೊಡೆದುಹಾಕುವನು. “ನೀನು ಹಾಳೂರ ದೇವರ ಹಂಗೆ ಕಣೋ, ಬಾಯಿ ಬಿಡಲ್ಲ, ಆದ್ರೂ ಎಲ್ಲ ಹೇಳ್ತೀಯ” ಅಂತ ನಗುವನು. ಎರಡು ವರ್ಷದಲ್ಲಿ ಹನ್ನೆರಡು ಕಥೆ ಬರೆದ. ಹನ್ನೆರಡಕ್ಕೂ ನಾನು ಹೂಂ ಅಂದಿದ್ದೆ.

ತೊಂಬತ್ತೇಳರ ಸಂಕ್ರಾಂತಿಗೆ ಅವನನ್ನು ದೇವಸಮುದ್ರದ ಹತ್ತಿರದ ನಮ್ಮೂರಿಗೆ ಕರೆದುಕೊಂಡು ಹೋದೆ. ಪಾಪತ್ತೆ ಮೊದಲನೇ ದಿನವೇ ಅವನನ್ನು ಪೀರಪ್ಪ ಮಾಡಿದಳು. “ಏನಪ್ಪಾ ಪೀರಪ್ಪ, ನಿಮ್ಮವ್ವ ಊಟಕ್ಕೆ ಇಡಲ್ವಾ? ಎಲುಬು ಎಣಿಸಬೌದು” ಅಂತ ಮುದ್ದೆಯ ಮೇಲೆ ಮುದ್ದೆ ಹಾಕಿದಳು. ಮೂರನೇ ದಿನ ಅವಳು ಕುರಿಗಳ ಹಿಂದೆ ಹೋಗಿದ್ದಾಗ ನನ್ನ ಅಜ್ಜಿ ನಿಂಗಕ್ಕ ಗೋಡೆಗೆ ಒರಗಿ ಕೂತು, “ಬಾ ಪೀರಪ್ಪ, ನಿಂಗೊಂದು ಕಥೆ ಹೇಳ್ತೀನಿ” ಅಂದಳು. ಅಜ್ಜಿಯ ಹತ್ತಿರ ನೂರಾರು ಕಥೆ ಇದ್ದವು. ನಾನು ಎಂದಿನಂತೆ ಹೂಂಗುಟ್ಟಲು ಕೂತೆ. ಆದರೆ ಆ ಕಥೆಯನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಮಗಳನ್ನು ದೂರದ ಊರಿಗೆ ಕೊಟ್ಟಿದ್ದ ಒಬ್ಬಳು ಮುದುಕಿ. ಮೂರು ತಿಂಗಳಿಗೇ ಮಗಳು ಗಂಡನನ್ನು ಬಿಟ್ಟು ನಡೆದುಕೊಂಡು ಬಂದಳು. ಕುಲದವರು ಕೂತು, ತಿರುಗಿ ಕಳಿಸು ಅಂದರು. ಮುದುಕಿ, ಆಗಲಿ, ಮೊದಲು ನಾನು ಹೋಗಿ ಮಾತಾಡಿ ಬರ್ತೀನಿ ಅಂತ ಹೊರಟಳು. ಐದನೇ ದಿನ ಮೈಮೇಲಿನ ಸೀರೆ ತೊಟ್ಟಿಕ್ಕುತ್ತಾ ಊರೊಳಗೆ ಬಂದಳು. ಸಾವಿನ ಮನೆಯಲ್ಲಿ ಮಿಂದು ಬಂದವರ ಹಾಗೆ. “ಅಳಿಯ ಹೋಗ್ಬಿಟ್ಟ” ಅಂದಳು. ಮಗಳ ಬಳೆ ತಾನೇ ಒಡೆದಳು. ಹನ್ನೊಂದರ ದಿವಸ ಮಾಡಿ ಊರಿಗೆ ಊಟ ಹಾಕಿದಳು. ಸತ್ತವನ ಮನೆಗೆ ಯಾರು ಯಾರನ್ನು ಕಳಿಸಿಯಾರು? ಆ ಕಡೆ ಅಳಿಯ ಗಟ್ಟಿಮುಟ್ಟಾಗಿ ಇದ್ದ.

ನಾನು ಹೂಂ ಅನ್ನುತ್ತಲೇ ಇದ್ದೆ. ಆದರೆ ಆ ಅಳಿಯನನ್ನು ನಾನು ನೋಡಿದ್ದೆ.

ನನಗೆ ಹನ್ನೊಂದು ವರ್ಷವಿದ್ದಾಗ ಅಜ್ಜಿಯ ಜೊತೆ ರಾಯದುರ್ಗದ ಸಂತೆಗೆ ಹೋಗಿದ್ದೆ. ಬೀಡಿ ಸೇದುತ್ತಿದ್ದ ಒಬ್ಬ ಎತ್ತರದ ಗಂಡಸು ಅಜ್ಜಿಯನ್ನು ಕಂಡು ಬೀಡಿ ಎಸೆದು ಹತ್ತಿರ ಬಂದು, “ಪಾಪಕ್ಕ ಬಾಗುಂದಾ?” ಅಂದ, ಚೆನ್ನಾಗಿದ್ದಾಳಾ ಅಂತ. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿ ಅವನ ತೆಲುಗಿನಲ್ಲೇ, “ನುವ್ವು ಸಚ್ಚಿಪೋಯಿನಾವು. ಪೋ” ಅಂದಳು. ನೀನು ಸತ್ತಿದ್ದೀಯ, ಹೋಗು. ಅವನು ತಲೆ ಬಗ್ಗಿಸಿ ಹೋದ. ಅಷ್ಟು ವಿಧೇಯನಾದ ಸತ್ತವನನ್ನು ನಾನು ಕಂಡಿಲ್ಲ. ವಾಪಸ್ಸು ಬರುವಾಗ ಅಜ್ಜಿ ನನ್ನನ್ನು ನೇರ ಮನೆಗೆ ಕರೆತರಲಿಲ್ಲ. ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿಸಿ, ಗುಡಿಯ ಮುಂದೆ ನಿಲ್ಲಿಸಿ ಆಣೆ ತೆಗೆದುಕೊಂಡಳು. “ಈ ಮಾತು ನಿನ್ನ ಬಾಯಿಂದ ಯಾವತ್ತೂ ಬರಬಾರ್ದು.”

ಬಂದಿರಲಿಲ್ಲ. ಆದರೆ ಅದನ್ನು ಅಜ್ಜಿ ತಾನೇ ಯಾಕೆ ಹೊರಗೆ ಹಾಕಿದಳು, ಅದೂ ಪರವೂರಿನ ಹುಡುಗನಿಗೆ, ಮಗಳು ಇಲ್ಲದ ಹೊತ್ತು ನೋಡಿ? ಅವಳ ಮುಪ್ಪಿನ ಮನಸ್ಸು ನನಗೆ ತಿಳಿಯಲಿಲ್ಲ. ಕೇಳೋಣ ಅಂದುಕೊಂಡೆ. ಕೇಳುವಷ್ಟರಲ್ಲಿ ಅವಳೇ ಇಲ್ಲವಾದಳು.

ಅದೇ ಫೆಬ್ರವರಿಯಲ್ಲಿ ದಾದಾಪೀರ ಆ ಕಥೆಯನ್ನು ಬರೆದು ಕಟ್ಟೆಯ ಮೇಲೆ ಓದಿದ. ಮೊದಲ ವಾಕ್ಯಕ್ಕೇ ನಾನು ಸುಮ್ಮನಾಗಬೇಕಿತ್ತು. ಸುಮ್ಮನಾಗಿದ್ದರೆ ಅವನು ಹೊಡೆದುಹಾಕುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವನು ಅಜ್ಜಿ ಬಿಟ್ಟ ಕಡೆಯಿಂದ ಮುಂದೆ ಹೋಗಿದ್ದ. ಇಲ್ಲಿ ಹನ್ನೊಂದರ ದಿವಸ ನಡೆಯುವಾಗ ಅಲ್ಲಿ ಅಳಿಯನಿಗೆ ಬಾಯಾರಿಕೆ ಶುರುವಾಗುತ್ತದೆ. ಕೊಡಗಟ್ಟಲೆ ನೀರು ಕುಡಿದರೂ ತೀರುವುದಿಲ್ಲ. ಯಾಕೆ ಅಂತ ಅವನಿಗೆ ಗೊತ್ತಿಲ್ಲ. ಹೊಲದ ಬದುವಿನ ಮೇಲೆ ಕೂತು ತನ್ನ ಕೈಯನ್ನು ತಾನೇ ಮುಟ್ಟಿ ನೋಡಿಕೊಳ್ಳುತ್ತಾನೆ. ಸಂತೆಯಲ್ಲಿ ತಲೆ ಬಗ್ಗಿಸಿ ಹೋದವನ ಬೆನ್ನು ನನ್ನ ಕಣ್ಣ ಮುಂದೆ ಬಂತು. ನೋಡಿಯೇ ಇಲ್ಲದವನಿಗೆ ಇದೆಲ್ಲ ಹೇಗೆ ಗೊತ್ತಾಯಿತು? ನಾನು ಮೈಮರೆತೆ. ಕೊನೆಯವರೆಗೂ ಹೂಂಗುಟ್ಟಿದೆ. ಬಾಯಿ ಬಿಟ್ಟು ಹೇಳಿಲ್ಲವಲ್ಲ, ಆಣೆ ಉಳಿಯಿತು ಅಂತ ರಾಮೇಶ್ವರನಿಗೆ ಲೆಕ್ಕ ಒಪ್ಪಿಸಿದೆ.

ಈಗ ತಳಕು ದಾಟಿ ಬಸ್ಸು ಓಡುತ್ತಿದ್ದರೆ ಆ ಲೆಕ್ಕ ನನ್ನನ್ನು ನೋಡಿ ನಗುತ್ತಿತ್ತು. ಒದ್ದೆ ಸೀರೆ! ಅಳಿಯ “ಸತ್ತ” ವರ್ಷ ನಮ್ಮ ಸೀಮೆಯ ಬಾವಿಗಳೆಲ್ಲ ಬತ್ತಿದ್ದವು. ಅಂಥ ಬಿಸಿಲಲ್ಲಿ ಅಷ್ಟು ದೂರದಿಂದ ನಡೆದುಬಂದ ನಿಂಗಕ್ಕನ ಸೀರೆ ಒಣಗದೆ ಹೇಗಿತ್ತು ಅಂತ ಊರಿನ ಹಿರಿಯರು ಇಂದಿಗೂ ಒಂದು ಪವಾಡದ ಹಾಗೆ ಹೇಳಿಕೊಳ್ಳುತ್ತಾರೆ. ಆ ಸಾಲು ರೇಡಿಯೊದಲ್ಲಿ ಬಂದ ಕೂಡಲೇ ಇಡೀ ಕೇರಿ ತಿರುಗಿ ಪಾಪತ್ತೆಯ ಬೋಳು ಹಣೆ ನೋಡುತ್ತದೆ.

ಚಳ್ಳಕೆರೆಯಲ್ಲಿ ಇಳಿದರೆ ಎಣ್ಣೆ ಮಿಲ್ಲುಗಳ ವಾಸನೆ. ಬಳ್ಳಾರಿ ರಸ್ತೆಯ ಗ್ಯಾರೇಜಿನವರೆಗೆ ಅರ್ಧ ನಡೆದೆ, ಅರ್ಧ ಓಡಿದೆ. ಅಫ್ಜಲ್ ಮೇಸ್ತ್ರಿ ಲಾರಿಯ ಕೆಳಗಿನಿಂದ ತಲೆ ಹೊರಹಾಕಿ, “ಅರೆ, ಮೇಷ್ಟ್ರೇ! ಬರ್ರಿ ಬರ್ರಿ. ಭಾನುವಾರ ಎಂಟೂವರೆಗೆ ಯಾವ ಲಾರೀನೂ ಮುಟ್ಟಲ್ಲ ಅಂತ ಹೇಳ್ಬಿಟ್ಟಿದ್ದೀನಿ. ನಮ್ಮ ನವಾಬ ಸಾಹೇಬ್ರು ಮಾತಾಡ್ತಾರಲ್ಲ, ಕೇಳ್ಬೇಕು!” ಅಂದರು. ಎಂ.ಎ. ಮಾಡಿದ ಮಗ ಎರಡು ವರ್ಷ ಕಥೆ ಕಥೆ ಅಂತ ಅಲೆದದ್ದನ್ನು ಸಹಿಸಿಕೊಂಡಿದ್ದ ಮನುಷ್ಯ. ಆ ಮುಖದ ಹಿಗ್ಗು ನೋಡಲು ನನಗೆ ಆಗಲಿಲ್ಲ.

ದಾದಾಪೀರನನ್ನು ಹಿಂದಿನ ಟೈರುಗಳ ರಾಶಿಯ ಹತ್ತಿರ ಕರೆದೊಯ್ದೆ.

“ಆ ಕಥೆ ಬೇಡ ಕಣೋ. ನಿಲ್ಸು.”

“ತಲೆ ಕೆಟ್ಟೈತಾ? ರೆಕಾರ್ಡಿಂಗ್ ಆಗೈತೆ.”

“ಫೋನ್ ಮಾಡು. ಬೇರೆ ಕಥೆ ಕೊಡ್ತೀನಿ ಅನ್ನು.”

“ಯಾಕೆ ಅಂತ ಹೇಳು.”

“ಹೇಳಕ್ಕಾಗಲ್ಲ.”

ಅವನು ಓಡಾಡಲು ಶುರು ಮಾಡಿದ. ಟೈರಿನಿಂದ ಗೋಡೆಗೆ, ಗೋಡೆಯಿಂದ ಟೈರಿಗೆ. “ಅಜ್ಜಿ ಕಥೆ ಸಾಬ್ರ ಹುಡುಗ ಹೇಳ್ಬಾರ್ದಾ?”

“ಥೂ, ಏನ್ಲೇ ಮಾತಾಡ್ತೀಯ!”

“ಮತ್ತೆ? ಹೊಟ್ಟೆಕಿಚ್ಚಾ? ಮೇಷ್ಟ್ರ ಕೆಲಸದಾಗೆ ಸುಖವಾಗಿದ್ದೀಯಲ್ಲಪ್ಪ ನೀನು. ನಂಗಿರೋದು ಇದೊಂದೇ. ಈ ಸಲ ಏನೂ ಆಗದಿದ್ರೆ ಸ್ಪ್ಯಾನರ್ ಹಿಡೀತೀನಿ ಅಂತ ಅಬ್ಬಾಗೆ ಮಾತು ಕೊಟ್ಟಿದ್ದೀನಿ. ಅದು ನಿಂಗೂ ಗೊತ್ತು. ಅವತ್ತು ಕೊನೇತನಕ ಹೂಂ ಅಂದೋನು ನೀನೇ ಅಲ್ವಾ? ಒಂದೇ ಒಂದು ಕಡೆ ಸುಮ್ಮನಾಗಿದ್ರೂ ನಿಲ್ಲಿಸ್ತಿದ್ದೆ!”

“ಊರೆಲ್ಲ ಕೇಳುತ್ತೆ ಪೀರ. ಪಾಪತ್ತೆ ಕೇಳ್ತಾಳೆ.”

“ಕೇಳ್ಲಿ ಅಂತಾನೇ ಅಲ್ವಾ ನಾನು...” ಅಂದವನು ನಿಂತ. ನನ್ನ ಮುಖ ನೋಡಿದ. ನನ್ನ ಮೌನವನ್ನು ಓದಲು ನಾನೇ ಎರಡು ವರ್ಷ ಅವನಿಗೆ ಕಲಿಸಿದ್ದೆ. ಅವನ ಕೈಯಲ್ಲಿದ್ದ ಬಟ್ಟೆಯ ಚಿಂದಿ ಕೆಳಗೆ ಬಿತ್ತು.

“ಪಾಪತ್ತೆ ಗಂಡ... ಸತ್ತಿಲ್ವಾ?”

ನಾನು ಬಾಯಿ ಬಿಡಲಿಲ್ಲ. ಬಿಡುವ ಅಗತ್ಯವೂ ಇರಲಿಲ್ಲ.

ಅವನು ಒಂದು ಟೈರಿನ ಮೇಲೆ ಕೂತುಬಿಟ್ಟ. ಅವನು ಹಾಗೆ ಕೂತದ್ದನ್ನು ಅದೇ ಮೊದಲ ಸಲ ನೋಡಿದೆ. “ನೀನು ಬಸ್ಸು ಹತ್ತಿ ಬರೋವರ್ಗೂ ಇದು ಬರೀ ಕಥೆ ಆಗಿತ್ತಲ್ಲೋ” ಅಂದ. “ಆವಮ್ಮ ನಂಗೆ ಊಟ ಬಡಿಸುವಾಗ ಇನ್ನು ನಾನು ಎಲ್ಲಿ ನೋಡ್ಲಿ? ನೀನು ಬರಬಾರ್ದಿತ್ತು. ಇಲ್ಲಾ, ಅವತ್ತು ಹೂಂ ಅನ್ನಬಾರ್ದಿತ್ತು. ಎರಡರಾಗೆ ಒಂದಾದ್ರೂ ಮಾಡಬಾರ್ದಿತ್ತು.”

ಎದ್ದು ಎದುರಿನ ಎಸ್‌ಟಿಡಿ ಬೂತಿಗೆ ಹೋದ. ಗಾಜಿನೊಳಗೆ ಅವನ ಬಾಯಿ ಆಡುವುದು ಕಾಣುತ್ತಿತ್ತು, ಕೈ ಮುಗಿಯುವುದೂ ಕಾಣುತ್ತಿತ್ತು. ಹೊರಗೆ ಬಂದು, “ನಿಲ್ಸಿದ್ರು. ಇನ್ನು ಮೇಲೆ ಕರೆಯಲ್ಲ ಅಂದ್ರು” ಅಂದ. ಆಮೇಲೆ ಗ್ಯಾರೇಜಿಗೆ ಹೋಗಿ ಅಪ್ಪನಿಗೆ ಹೇಳಿದ್ದು ನನಗೂ ಕೇಳಿಸಿತು. “ಅಬ್ಬಾ, ಕಥೆ ಚೆನ್ನಾಗಿಲ್ವಂತೆ. ಬೇಡ ಅಂದ್ರು.”

ಅಫ್ಜಲ್ ಮೇಸ್ತ್ರಿ ಕೈ ಒರೆಸಿಕೊಂಡು, ಮಗನ ಮುಂದೆ ಒಂದು ಸ್ಪ್ಯಾನರ್ ಹಿಡಿದರು. ಅವನು ತೆಗೆದುಕೊಂಡ. ನನ್ನ ಹೆಸರು ಹೇಳಲಿಲ್ಲ.

ಭಾನುವಾರ ನಮ್ಮ ಜಗಲಿಯ ಮೇಲೆ ಹದಿನೈದು ಜನ. ಪಾಪತ್ತೆ ರೇಡಿಯೊಗೆ ಬಟ್ಟೆ ಹಾಸಿ ಇಟ್ಟಿದ್ದಳು. ಮೂರು ದಿನದಿಂದ ಅವಳಿಗೆ ನಿಜ ಹೇಳಲು ನನಗೆ ಧೈರ್ಯ ಬಂದಿರಲಿಲ್ಲ. ಕೊನೆಗೆ ಕರೆಂಟು ಹೋಗುವ ಹಾಗೆ ಏನಾದರೂ ಅಡ್ಡ ಬಂದೀತು ಅಂತ ಕಾದಿದ್ದೆ. ಏನೂ ಬರಲಿಲ್ಲ. ಎಂಟೂವರೆಗೆ ರೇಡಿಯೊದಲ್ಲಿ ಯಾರೋ ಶೇಂಗಾ ಬೆಳೆಗೆ ಬೀಳುವ ಕಂಬಳಿಹುಳದ ಬಗ್ಗೆ ಮಾತಾಡಲು ತೊಡಗಿದರು. ಎಲ್ಲರೂ ಭಕ್ತಿಯಿಂದ ಕೇಳಿದರು. ಮುಗಿದ ಮೇಲೆ ಪಕ್ಕದ ಮನೆಯ ದೊಡ್ಡಪಾಲಯ್ಯ ಮೀಸೆ ಸವರಿ, “ಚೆನ್ನಾಗೈತೆ ಬಿಡು. ಹುಳ ಸಾಯೋದು ಒಂದು ಬಾಕಿ ಉಳೀತು” ಅಂದ. “ಸಾಬ್ರ ಹುಡುಗನ ದನಿ ಇಷ್ಟು ದಪ್ಪ ಯಾವಾಗಾಯ್ತು?” ಅಂತ ಇನ್ನೊಬ್ಬ.

ಎಲ್ಲ ಹೋದ ಮೇಲೆ ಪಾಪತ್ತೆ ರೇಡಿಯೊ ಆರಿಸಿ ನನ್ನ ಎದುರು ಕೂತಳು.

“ಪೀರಪ್ಪನ ಕಥೆ ಎಲ್ಲಿ ಹೋಯ್ತೋ?”

“ನಿಲ್ಲಿಸಿದ, ಅತ್ತೆ.”

“ಯಾರು ನಿಲ್ಸು ಅಂದ್ರು?”

“ನಾನೇ.”

“ಯಾವ ಕಥೆ?”

“ಅಜ್ಜಿ ಹೇಳಿದ್ದು.”

ಅವಳು ನನ್ನನ್ನು ನೋಡಿದಳು, ಅಜ್ಜಿ ಸಂತೆಯಲ್ಲಿ ಆ ಗಂಡಸನ್ನು ನೋಡಿದಂತೆ. “ಅವ್ವ ಅದನ್ನ ಹೇಳಿದ್ಲಾ?” ಅಂದಳು. ಆಮೇಲೆ, “ನಿಂಗೆ ಗೊತ್ತಿರೋದು ನಂಗೆ ಗೊತ್ತು ಮಾರುತಿ. ರಾಯದುರ್ಗದಿಂದ ಬಂದ ದಿನದಿಂದ ನೀನು ನನ್ನ ಹಣೆ ನೋಡೋದು ಬಿಟ್ಟೆ. ಮಕ್ಳು ಕಾರಣ ಇಲ್ದೆ ನೋಡೋದು ಬಿಡಲ್ಲ.”

ಹದಿನೈದು ವರ್ಷ ನಾನು ಕಾಯ್ದ ಗುಟ್ಟು ಅವಳ ಮುಂದೆ ಅಷ್ಟು ದಿನವೂ ಬಟ್ಟೆ ಬಿಚ್ಚಿ ಕೂತಿತ್ತು.

“ನಿಂಗೋಸ್ಕರಾನೇ ನಿಲ್ಲಿಸಿದ್ದು ಅತ್ತೆ. ಅವನೂ ಅಷ್ಟೆ.”

“ಇಬ್ರೂ ಸೇರ್ಕಂಡು ತೀರ್ಮಾನ ಮಾಡಿದ್ರಾ? ಹಿಂದೆ ಕುಲದೋರು ಮಾಡಿದಂಗೆ? ನನ್ನ ಒಂದು ಮಾತು ಕೇಳಿದ್ರಾ?” ಅವಳ ದನಿ ಏರಲಿಲ್ಲ, ಅದಕ್ಕೇ ನನಗೆ ತಡೆಯಲು ಕಷ್ಟವಾಯಿತು. “ಮಂಗಳವಾರ ಚಳ್ಳಕೆರೆಗೆ ಹೋಗಾನ. ಬಸ್ಸು ಎಷ್ಟೊತ್ತಿಗೆ?”

ಎರಡು ಸಲ ಬಸ್ಸು ಬದಲಿಸಿ ಹೋದೆವು. ದಾರಿಯುದ್ದಕ್ಕೂ ಅವಳು ಕಿಟಕಿಯಾಚೆ ನೋಡುತ್ತಾ ಕೂತಿದ್ದಳು, ನಾನು ಬೆರಳು ಮುರಿಯುತ್ತಿದ್ದೆ. ಗ್ಯಾರೇಜಿನ ಹಿಂದೆಯೇ ಅವರ ಮನೆ. ದಾದಾಪೀರನ ತಾಯಿ ಜಹೀರಾ ಪಾಪತ್ತೆಯ ಕೈ ಹಿಡಿದು ಒಳಗೆ ಕರೆದುಕೊಂಡು, ಚಹಾ ಇಟ್ಟು, ವಿಷಯದ ಸೂಕ್ಷ್ಮ ಅರಿತು, ತಾವಾಗಿಯೇ ಹಿತ್ತಲಿಗೆ ಹೋದರು. ದಾದಾಪೀರ ಮೊಣಕೈತನಕ ಗ್ರೀಸು ಮೆತ್ತಿಕೊಂಡು ಬಂದು ಬಾಗಿಲಲ್ಲಿ ನಿಂತ. ತಲೆ ಎತ್ತಲಿಲ್ಲ.

“ಪೀರಪ್ಪ, ಆ ಕಥೆ ಓದು.”

“ಹರಿದುಹಾಕ್ಬಿಟ್ಟೆ ಅತ್ತೆ.”

“ಸುಳ್ಳು. ಓದು.”

ತಂದ. ಕೈ ತೊಳೆದು ಓದಿದ, ನಿಂತಲ್ಲೇ, ಒಂದು ಹೆಜ್ಜೆಯೂ ಆಡದೆ. ಪಾಪತ್ತೆ ಮಧ್ಯೆ ಮಧ್ಯೆ ನಕ್ಕಳು. ಅಳಿಯನ ಬಾಯಾರಿಕೆ ಬಂದಾಗ ಸೆರಗು ಬಾಯಿಗೆ ಒತ್ತಿಕೊಂಡಳು. ಮುಗಿದ ಮೇಲೆ ಚಹಾದ ಲೋಟ ಕೆಳಗಿಟ್ಟು ಅಂದಳು:

“ಅವ್ವ ಒಂದು ಬಿಟ್ಟವ್ಳೆ. ಆ ಬರದಾಗೆ ಅವಳ ಸೀರೆ ನೆನೆಯಾಕೆ ನೀರು ಎಲ್ಲಿತ್ತು? ನಾನೇ ಊರಾಚೆ ಕಾದಿದ್ದು ಕೊಡ ಸುರಿದೆ. ಕುಡಿಯೋ ನೀರು. ‘ಇನ್ನೊಂದಿಷ್ಟು ಹಾಕೇ, ಅಳು ಬಂದಂಗೆ ಕಾಣ್ಲಿ’ ಅಂತಿದ್ಲು. ಇಬ್ರೂ ನಕ್ಕೂ ನಕ್ಕೂ ಸಾಕಾಯ್ತು.” ಲೋಟ ಪಕ್ಕಕ್ಕೆ ಸರಿಸಿ, “ಅವನು ಕೆಟ್ಟೋನಲ್ಲ ಪೀರಪ್ಪ. ಅವನಿಗೆ ಮೊದಲಿಂದ ಇನ್ನೊಬ್ಬಾಕಿ ಮೇಲೆ ಜೀವ. ಮನೆಯೋರು ನನ್ನ ತಂದು ಕಟ್ಟಿದ್ರು. ‘ನೀನು ಇಲ್ಲಿ ಇದ್ರೆ ನಾವು ಮೂವರೂ ಸಾಯ್ತೀವಿ’ ಅಂದ. ನಿಜಾನೇ ಅಂದ. ಅವ್ವ ಹೋಗಿದ್ದು ಜಗಳಕ್ಕಲ್ಲ, ಕೇಳಾಕೆ. ‘ನಿನ್ನ ಸಾಯಿಸ್ತೀನಿ, ಒಪ್ತೀಯಾ’ ಅಂತ. ಒಪ್ಪಿದ. ನಾನು ಬಳೆ ಕಳ್ಕಂಡು ಮನೆ ಉಳಿಸ್ಕಂಡೆ.”

ದಾದಾಪೀರ ತಲೆ ಎತ್ತಿದ್ದ. ಅವನ ಕಣ್ಣು ನನಗೆ ಗೊತ್ತು. ಅವನು ಆಗಲೇ ಬರೆಯುತ್ತಿದ್ದ. ಹಾಗೆ ಬರೆಯುತ್ತಿರುವುದಕ್ಕೆ ನಾಚಿಕೊಳ್ಳುತ್ತಲೂ ಇದ್ದ.

“ಕಥೆ ಹಾಕು” ಅಂದಳು ಪಾಪತ್ತೆ. “ನಂಗೇನೂ ಇಲ್ಲ. ನಮ್ಮೂರೋರು ನಾಕು ದಿನ ಆಡ್ಕಂತಾರೆ, ಐದನೇ ದಿನ ಅವ್ವನ ಜಾಣತನ ಹೊಗಳ್ತಾರೆ. ಆದ್ರೆ ಆ ಕಡೆ ಅವನ ಹೆಂಡ್ತಿ ಅವ್ಳೆ. ಕಲ್ಯಾಣದುರ್ಗದ ಆಚೆಗೂ ನಮ್ಮ ಜನ ಅವ್ರೆ, ಸುದ್ದಿ ಹೋಗೇ ಹೋಗ್ತೈತೆ. ಬದುಕಿರೋ ಗಂಡನ ದಿವಸ ಆಗೋಗೈತೆ ಅಂತ ಕೇಳಿದ್ರೆ ಆವಮ್ಮ ಅನ್ನ ನುಂಗ್ತಾಳಾ? ಅದಕ್ಕೆ, ಅವನು ಸತ್ತ ಮೇಲೆ ಹಾಕು.”

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

“ಅವನಿಗೆ ಈಗ ಎಷ್ಟು ವಯಸ್ಸು ಅತ್ತೆ?” ದಾದಾಪೀರ ಮೆಲ್ಲಗೆ ಕೇಳಿದ.

“ಐವತ್ತಾಗಿರಬೌದು.”

“ಐವತ್ತಾ?” ಅಂದ. ಆ ದನಿಯಲ್ಲಿದ್ದ ನಿರಾಸೆ ನನಗೂ ಕೇಳಿಸಿತು, ಅವನಿಗೂ ಕೇಳಿಸಿತು. ಪಾಪತ್ತೆ ಮಾತ್ರ ಹೊಟ್ಟೆ ತುಂಬ ನಕ್ಕಳು.

ಅಲ್ಲಿಂದ ನಮ್ಮ ನೆಮ್ಮದಿ ಇನ್ನಷ್ಟು ಕೆಟ್ಟಿತು. ದಾದಾಪೀರ ಮತ್ತೆ ನಮ್ಮ ಮನೆಗೆ ಬರತೊಡಗಿದ. ಪಾಪತ್ತೆಯ ಮುದ್ದೆಗೆ ತಲೆ ಎತ್ತಿ ಕೂತ. ಆದರೆ ಊಟದ ನಡುವೆ, “ರಾಯದುರ್ಗದ ಸಂತೆ ಕಡೆ ಹೋಗಿದ್ದೇನೋ? ಯಾರಾದ್ರೂ ಸಿಕ್ಕಿದ್ರಾ?” ಅನ್ನುವನು. ನಾನು ಇಲ್ಲ ಅನ್ನುವೆನು. ಏನು ಕೇಳಿದ, ಏನು ಹೇಳಿದೆ ಅಂತ ಇಬ್ಬರಿಗೂ ಗೊತ್ತು. ನಾನು ಪ್ರತಿ ಸೋಮವಾರ ಬೆಟ್ಟ ಹತ್ತುವವನು. ಕೈ ಮುಗಿದು ನಿಂತರೆ ಸ್ನೇಹಿತನಿಗೆ ಒಳ್ಳೆಯದು ಮಾಡಪ್ಪಾ ಅನ್ನುವ ಮಾತು ನಾಲಿಗೆಯ ತುದಿಗೆ ಬರುವುದು. ಆ ಮಾತಿನ ಹಿಂದೆ ಒಬ್ಬ ಮನುಷ್ಯನ ಉಸಿರು ನಿಂತಿರುವುದು ಕಂಡು ನುಂಗಿಕೊಳ್ಳುವೆನು. ಹೀಗೆ ಏನೂ ಕೇಳದೆ ಎಷ್ಟೋ ಸೋಮವಾರ ಕೆಳಗೆ ಇಳಿದಿದ್ದೇನೆ. ಗ್ಯಾರೇಜಿನಲ್ಲಿ ಅವನು ಒಂದು ನಟ್ಟನ್ನು ಹತ್ತು ಸಲ ಬಿಗಿಮಾಡುತ್ತಾನೆ ಅಂತ ಅಫ್ಜಲ್ ಮೇಸ್ತ್ರಿ ಹೇಳಿದರು. ಆ ವರ್ಷ ಒಂದು ಸಾಲನ್ನೂ ಅವನು ಬರೆಯಲಿಲ್ಲ.

ಮಾರನೇ ವರ್ಷದ ಜುಲೈ. ಶನಿವಾರ, ಅರ್ಧ ದಿನದ ಸ್ಕೂಲು ಬಿಟ್ಟಿತ್ತು. ಗೇಟಿನ ಹೊರಗೆ ಅವನ ಸ್ಕೂಟರು. ಪಕ್ಕದಲ್ಲಿ ಅವನು, ಆ ಕಡೆ ನಾಲ್ಕು ಹೆಜ್ಜೆ, ಈ ಕಡೆ ನಾಲ್ಕು ಹೆಜ್ಜೆ.

“ನೋಡಿ ಬಂದೆ ಲೇ.”

“ಯಾರನ್ನ?”

“ಅಳಿಯನ್ನ. ಕಲ್ಯಾಣದುರ್ಗದ ಕಡೆ ಒಂದು ಲಾರಿ ಕೆಟ್ಟು ನಿಂತಿತ್ತು. ರಿಪೇರಿ ಆದ ಮೇಲೆ ಹಂಗೇ ಹೋದೆ. ಪಾಪತ್ತೆ ಒಂದ್ಸಲ ಊಟಕ್ಕೆ ಬಡಿಸುವಾಗ ಊರಿನ ಹೆಸರು ಹೇಳಿದ್ಲಲ್ಲ.”

“ಹೆಂಗವ್ನೆ?”

“ಕೆಮ್ಮು. ಎರಡು ತಿಂಗಳಿಂದ. ಎಲುಬಿನ ಗೂಡಾಗಿ ಹೋಗವ್ನೆ.” ಅವನು ಹೆಜ್ಜೆ ನಿಲ್ಲಿಸಿದ. “ನಾನು ಲಾರಿ ಮೆಕ್ಯಾನಿಕ್ಕು, ನೀರು ಕೊಡ್ತೀರಾ ಅಂದೆ. ಜಗಲಿ ಮೇಲೆ ಕೂರಿಸಿದ್ರು. ಒಂದು ಗಂಟೆ ಕೂತಿದ್ದೆ ಮಾರುತಿ. ಏನು ನೋಡ್ತಾ ಕೂತಿದ್ದೆ ಗೊತ್ತಾ? ಅವನ ಎದೆ. ಏರೋದು, ಇಳಿಯೋದು. ಇನ್ನೆಷ್ಟು ದಿನ ಅಂತ ಮನಸ್ಸಿನಾಗೆ... ಥೂ. ಅಷ್ಟೊತ್ತಿಗೆ ಅವನು ಎದ್ದು, ತಾನೇ ತೂರಾಡ್ಕಂಡು ಬಂದು, ನನ್ನ ಲೋಟಕ್ಕೆ ಇನ್ನೊಂದಿಷ್ಟು ನೀರು ಹಾಕಿದ. ಬಿಸಿಲು ಜಾಸ್ತಿ ಐತೆ, ಕುಡಿಯಪ್ಪ ಅಂತ.”

“ಆಮೇಲೆ?”

“ಆಮೇಲೇನು? ಲಾರಿಯಾಗೆ ಹತ್ತಿಸ್ಕಂಡು ಡಾಕ್ಟರ ಹತ್ರ ಹೋದೆ. ಟಿ.ಬಿ. ಅಂದ್ರು. ಆರು ತಿಂಗಳು ಮಾತ್ರೆ. ಒಂದು ದಿನಾನೂ ತಪ್ಪಿಸದೆ ನುಂಗಿದ್ರೆ ಪೂರ್ತಿ ವಾಸಿ, ಇನ್ನು ಇಪ್ಪತ್ತು ಮೂವತ್ತು ವರ್ಷಕ್ಕೆ ಭಯ ಇಲ್ವಂತೆ.”

“ನುಂಗಿಸೋರು ಯಾರು?”

“ಅದೇ ತೊಂದರೆ. ಅವನ ಹೆಂಡ್ತಿಗೆ ಕಣ್ಣು ಮಂಜು, ಮಾತ್ರೆ ಗುರುತು ಸಿಗಲ್ಲ. ಮಗಳು ದೂರ ಅವ್ಳೆ. ಹದಿನೈದು ದಿನಕ್ಕೊಂದು ಸಲ ಹೋಗಿ, ದಿನದ್ದು ದಿನಕ್ಕೆ ಪೊಟ್ಟಣ ಕಟ್ಟಿಟ್ಟು ಬರ್ಬೇಕು.” ಜೇಬಿನಿಂದ ಒಂದು ಹಾಳೆ ತೆಗೆದ. ಮಾತ್ರೆಗಳ ಬಣ್ಣ, ಹೊತ್ತು, ತಿಂಗಳು, ಎಲ್ಲ ಅವನ ದುಂಡು ಅಕ್ಷರದಲ್ಲಿ. ವರ್ಷದ ಮೇಲೆ ನಾನು ಕಂಡ ಅವನ ಬರವಣಿಗೆ.

“ಮುಂದಿನ ಸಲ ನಾನೂ ಬರ್ತೀನಿ” ಅಂದೆ.

“ಬಂದು ಏನ್ ಮಾಡ್ತೀಯ?”

“ನಂಗೆ ತೆಲುಗು ಬರುತ್ತೆ. ನಿನ್ನ ತೆಲುಗು ಕೇಳಿದ್ರೆ ರೋಗಿ ಮಾತ್ರೆ ಉಗೀತಾನೆ.”

ಅವನು ನಕ್ಕ. ಆಮೇಲೆ, “ನಿನ್ನ ಯಾವೂರು ಅಂತ ಕೇಳೇ ಕೇಳ್ತಾನೆ. ಏನ್ ಹೇಳ್ತೀಯ?” ಅಂದ.

ನಾನು ಆ ಹಾಳೆ ಮಡಚಿ ಅವನ ಜೇಬಿಗೆ ಹಾಕಿದೆ. ಅವನು ಸ್ಕೂಟರಿಗೆ ಒದ್ದ. ಎರಡನೇ ಒದೆತಕ್ಕೆ ಹತ್ತಿಕೊಂಡಿತು.

“ನಾಳೆ ಬಿಟ್ಟು ಬರೋ ಭಾನುವಾರ. ಬೆಳಗಿನ ಮೊದಲನೇ ಬಸ್ಸಿಗೆ ರಾಯದುರ್ಗದಾಗೆ ಇರು. ಪಾಪತ್ತೆಗೆ ಹೇಳಿ ಬಾ, ಹೇಳದೆ ಬರಬೇಡ. ಆವಮ್ಮ ಅವನಿಗೆ ಏನಾದ್ರೂ ಕಟ್ಟಿಕೊಟ್ರೆ, ದಾರಿಯಾಗೆ ನೀನು ತಿಂದು ಮುಗಿಸ್ಬೇಡ” ಅಂದು ಹೊರಟುಹೋದ.